ಕರಗಿಹೋದ ಹಿಮದ ಲೆಕ್ಕ

ಎಡಿನ್‌ಬರೊ, ಗ್ಲ್ಯಾಸ್ಗೊ, ಬೆಲ್‌ಫಾಸ್ಟ್, ಡಬ್ಲಿನ್ ನಗರಗಳು ಈಗ ನಿಂತಿರುವ ನೆಲದ ಮೇಲೆ 23,000 ವರ್ಷಗಳ ಹಿಂದೆ ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು. ಹಿಮಯುಗದ ಆ ಕೊನೆಯ ಅಬ್ಬರದಲ್ಲಿ ಅದು ಪಶ್ಚಿಮಕ್ಕೆ ಅಟ್ಲಾಂಟಿಕ್‌ನ ಆಳ ಶುರುವಾಗುವ ಅಂಚಿನವರೆಗೂ ಚಾಚಿತ್ತು. ದಕ್ಷಿಣಕ್ಕೆ ಅದರದೊಂದು ನಾಲಿಗೆ ಐರಿಶ್ ಸಮುದ್ರವನ್ನೆಲ್ಲ ತುಂಬಿಕೊಂಡು ಸಿಲಿ ದ್ವೀಪಗಳತನಕ ಇಳಿದಿತ್ತು. ಪೂರ್ವಕ್ಕೆ ಉತ್ತರ ಸಮುದ್ರದ ತಳದ ಮೇಲೇ ಹರಿದು, ನಾರ್ವೆ ಕಡೆಯಿಂದ ಬಂದ ಇನ್ನೊಂದು ಹಿಮರಾಶಿಯನ್ನು ಕೂಡಿಕೊಂಡಿತ್ತು. ದೇಶದಗಲಕ್ಕೆ ಹಾಸಿಕೊಂಡ ಇಂಥ ಮಂಜುಗಡ್ಡೆಯನ್ನು ಹಿಮಹಾಸು ಎನ್ನೋಣ. ಆ ಕಾಲದ ದೈತ್ಯರ ಸಾಲಿನಲ್ಲಿ ಬ್ರಿಟನ್-ಐರ್ಲೆಂಡಿನ ಹಾಸು ತೀರಾ ಚಿಕ್ಕದು. ಕೆನಡಾವನ್ನು ಮುಚ್ಚಿದ್ದ ಲಾರೆಂಟೈಡ್ ಹಾಸು ಕೆಲವೆಡೆ ಮೂರು ಕಿ.ಮೀ.ಗೂ ಹೆಚ್ಚು ದಪ್ಪವಿತ್ತು. ಜಗತ್ತಿನ ಸಮುದ್ರಮಟ್ಟವನ್ನು ಸುಮಾರು 120 ಮೀಟರ್ ಇಳಿಸುವಷ್ಟು ನೀರು ಆಗ ನೆಲದ ಮೇಲೆ ಹೆಪ್ಪುಗಟ್ಟಿತ್ತು; ಅದರಲ್ಲಿ ಬ್ರಿಟನ್ನಿನ ಪಾಲು ಬರೀ 1.8 ಮೀಟರ್. ಆದರೂ ಭೂಮಿಯ ಮೇಲೆ ಹುಟ್ಟಿ ಅಳಿದ ಹಿಮಹಾಸುಗಳಲ್ಲಿ ಯಾವುದರ ಅವಸಾನವನ್ನು ನಾವು ಅತಿ ಹೆಚ್ಚು ವಿವರವಾಗಿ ಬಲ್ಲೆವು ಎಂದು ಕೇಳಿದರೆ ಇಂದಿನ ಉತ್ತರ ಈ ಚಿಕ್ಕ ಹಾಸೇ. ಅಂಟಾರ್ಕ್ಟಿಕ ನಾಳೆ ಏನು ಮಾಡೀತು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಹೋಗಬೇಕಾದ್ದು ಅಂಟಾರ್ಕ್ಟಿಕಕ್ಕಲ್ಲ, ಇಲ್ಲಿಗೆ ಎಂಬುದು ಈ ಲೇಖನದ ವಾದ.

ಹೀಗೆನ್ನಲು ಕಾರಣ ಸರಳ. ಜೀವಂತವಿರುವ ಹಿಮಹಾಸುಗಳು ಎರಡೇ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕ. ಉಪಗ್ರಹಗಳು ಅವುಗಳ ಎತ್ತರವನ್ನು ಸರಿಯಾಗಿ ಅಳೆಯಲು ಶುರುಮಾಡಿದ್ದು 1990ರ ದಶಕದಲ್ಲಿ. ಮೂರು ದಶಕಗಳ ದಾಖಲೆ ಕೈಯಲ್ಲಿದೆ, ನಿಜ. ಆದರೆ ಒಂದು ಹಿಮಹಾಸು ಹವೆಯ ಬದಲಾವಣೆಗೆ ಪೂರ್ತಿಯಾಗಿ ಮೈಬದಲಿಸಿಕೊಳ್ಳಲು ಸಾವಿರಾರು ವರ್ಷ ತೆಗೆದುಕೊಳ್ಳುತ್ತದೆ. ಮೂವತ್ತು ವರ್ಷದ ನಡವಳಿಕೆಯನ್ನು ಚೆನ್ನಾಗಿ ಅನುಕರಿಸಿದ ಮಾದರಿ ಮುನ್ನೂರನೇ ವರ್ಷದಲ್ಲೂ ಸರಿ ಹೇಳೀತು ಎನ್ನಲು ಆಧಾರವಿಲ್ಲ. ಅದಕ್ಕೂ ದೊಡ್ಡ ತೊಡಕೆಂದರೆ ಮಾದರಿಗೆ ಅತ್ಯಂತ ಬೇಕಾದ ಮಾಹಿತಿ, ಅಂದರೆ ಮಂಜುಗಡ್ಡೆಗೂ ನೆಲಕ್ಕೂ ನಡುವಿನ ತಿಕ್ಕಾಟ ಎಷ್ಟು ಎಂಬುದು, ಕಿಲೋಮೀಟರ್‌ಗಟ್ಟಲೆ ಹಿಮದಡಿ ಹೂತಿದೆ. ಸತ್ತ ಹಾಸಿನ ವಿಷಯ ಹಾಗಲ್ಲ. ಅದು ಹುಟ್ಟಿದ್ದು, ಬೆಳೆದದ್ದು, ಕುಸಿದದ್ದು ಎಲ್ಲ ಮುಗಿದ ಕಥೆ. ಅದು ಜಾರಿದ ನೆಲದ ಮೇಲೆ ಈಗ ನಡೆದಾಡಬಹುದು. ಸಮುದ್ರದಡಿ ಇದ್ದರೆ ಹಡಗಿನಿಂದ ಧ್ವನಿತರಂಗ ಬಿಟ್ಟು ಅದರ ಉಬ್ಬುತಗ್ಗುಗಳ ನಕ್ಷೆ ಬರೆಯಬಹುದು.

ಹಾಗಾದರೆ ನೆಲದ ಸಾಕ್ಷ್ಯವೇ ಸಾಲದೇ, ಕಂಪ್ಯೂಟರ್ ಯಾಕೆ ಬೇಕು? ಸಾಕ್ಷ್ಯ ಹೇಗೆ ಸಿಗುತ್ತದೆ ಎಂದು ಹತ್ತಿರದಿಂದ ನೋಡಿದರೆ ಅದರ ಕೊರತೆ ಗೊತ್ತಾಗುತ್ತದೆ. ಹಿಮ ಹೊತ್ತು ತಂದು ಬಯಲಿಗೆಸೆದ ಒಂದು ಬಂಡೆಯನ್ನೇ ತೆಗೆದುಕೊಳ್ಳಿ. ಹಿಮ ಸರಿದ ದಿನದಿಂದ ಆಕಾಶದ ಕಾಸ್ಮಿಕ್ ಕಿರಣಗಳು ಅದಕ್ಕೆ ಬಡಿಯತೊಡಗುತ್ತವೆ. ಆ ಹೊಡೆತಕ್ಕೆ ಬಂಡೆಯೊಳಗಿನ ಕ್ವಾರ್ಟ್ಜ್ ಹರಳುಗಳಲ್ಲಿ ಬೆರಿಲಿಯಂ-10 ಎಂಬ ಅಪರೂಪದ ಪರಮಾಣು ಹುಟ್ಟುತ್ತದೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಕ್ವಾರ್ಟ್ಜ್‌ಗೆ ವರ್ಷಕ್ಕೆ ನಾಲ್ಕೋ ಐದೋ, ಅಷ್ಟೇ. ಬಂಡೆಯ ನೆತ್ತಿಯಿಂದ ಉಳಿ-ಸುತ್ತಿಗೆಯಲ್ಲಿ ಕೆತ್ತಿ ತಂದ ಚೂರನ್ನು ಪುಡಿಮಾಡಿ, ಆಮ್ಲದಲ್ಲಿ ತೊಳೆದು, ವೇಗವರ್ಧಕ ಯಂತ್ರದಲ್ಲಿ ಆ ಪರಮಾಣುಗಳನ್ನು ಎಣಿಸುತ್ತಾರೆ. ಗ್ರಾಂಗೆ ಎಂಬತ್ತು ಸಾವಿರದಷ್ಟು ಸಿಕ್ಕರೆ ಬಂಡೆ ಬಿಸಿಲು ಕಂಡು ಸುಮಾರು ಇಪ್ಪತ್ತು ಸಾವಿರ ವರ್ಷವಾಯಿತು ಎಂದರ್ಥ. ಆದರೆ ಬಂಡೆ ಹಿಂದೊಮ್ಮೆ ಬಯಲಲ್ಲಿದ್ದು ಹಳೆಯ ಪರಮಾಣುಗಳನ್ನು ಹೊತ್ತೇ ಬಂದಿದ್ದರೆ ವಯಸ್ಸು ಹೆಚ್ಚು ಬರುತ್ತದೆ; ಶತಮಾನಗಳ ಕಾಲ ಜೌಗುಮಣ್ಣಿನಡಿ ಮುಚ್ಚಿಕೊಂಡಿದ್ದರೆ ಕಮ್ಮಿ ಬರುತ್ತದೆ. ಎಲ್ಲ ಸರಿಹೋದರೂ ಉತ್ತರ ಐನೂರು, ಸಾವಿರ ವರ್ಷ ಆಚೀಚೆ ಸರಿದಾಡುತ್ತದೆ. ಕಡಲತಳದ ಕೆಸರಲ್ಲಿ ಸಿಕ್ಕ ಚಿಪ್ಪಿನ ರೇಡಿಯೊ ಕಾರ್ಬನ್, ಮರಳಿನ ಕಣ ಕೊನೆಯ ಬಾರಿ ಬೆಳಕು ಕಂಡ ಕಾಲ ಇವುಗಳಿಗೂ ತಮ್ಮ ತಮ್ಮ ತಕರಾರುಗಳಿವೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಕ್ರಿಸ್ ಕ್ಲಾರ್ಕ್ ಮುಂದಾಳುತನದ ಬ್ರಿಟಿಸ್-ಕ್ರೋನೊ ಯೋಜನೆ ಹೀಗೆ 690 ಹೊಸ ಕಾಲನಿರ್ಣಯಗಳನ್ನು ಒಟ್ಟುಮಾಡಿತು. ಅದಕ್ಕಾಗಿ 1,500 ದಿನಗಳ ಕ್ಷೇತ್ರಕಾರ್ಯ ನಡೆಯಿತು, 18,000 ಕಿ.ಮೀ. ಉದ್ದಕ್ಕೆ ಕಡಲತಳದ ಸಮೀಕ್ಷೆಯಾಯಿತು, ತಳದಿಂದ 377 ಕೆಸರುಕಂಬಗಳನ್ನು ಮೇಲೆತ್ತಲಾಯಿತು. 2022ರಲ್ಲಿ ಹೊರಬಂದ ಅವರ ನಕ್ಷೆಗಳು 31,000ದಿಂದ 15,000 ವರ್ಷಗಳ ಹಿಂದಿನವರೆಗೆ ಸಾವಿರ ವರ್ಷಕ್ಕೊಂದರಂತೆ ಹಾಸಿನ ಚಿತ್ರ ಕೊಡುತ್ತವೆ.

ಇಷ್ಟಾಗಿಯೂ ಬಂಡೆ ಮತ್ತು ಚಿಪ್ಪು ಹೇಳುವುದು ಮುಖ್ಯವಾಗಿ ಒಂದೇ ಮಾತನ್ನು: ಇಂಥ ಹೊತ್ತಿಗೆ ಹಿಮದಂಚು ಇಲ್ಲಿಂದ ಸರಿದಿತ್ತು. ಎಷ್ಟು ದಪ್ಪವಿತ್ತು, ಎಷ್ಟು ವೇಗದಲ್ಲಿ ಹರಿಯುತ್ತಿತ್ತು, ಯಾಕೆ ಸರಿಯಿತು ಎಂಬುದನ್ನು ಬಂಡೆ ಹೇಳುವುದಿಲ್ಲ. ದಪ್ಪಕ್ಕೆ ನೇರ ಸಾಕ್ಷಿ ಸಿಗುವುದು ಅಪರೂಪ. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆ ಅಂಥದೊಂದು ಅಪರೂಪದ ಜಾಗ. ಅದರ ಇಕ್ಕೆಲದ ಗುಡ್ಡಗಳ ಮೈಮೇಲೆ 260, 325, 350 ಮೀಟರ್ ಎತ್ತರಗಳಲ್ಲಿ ಮೂರು ಸಮಾಂತರ ಗೆರೆಗಳು ಕೊರೆದಂತಿವೆ. 1839ರಲ್ಲಿ ಚಾರ್ಲ್ಸ್ ಡಾರ್ವಿನ್ ಅವು ಹಳೆಯ ಸಮುದ್ರದ ದಡಗಳು ಎಂದು ವಾದಿಸಿದ. ಮರುವರ್ಷವೇ ಅಲ್ಲಿಗೆ ಬಂದ ಲೂಯಿ ಅಗಾಸಿ, ಕಣಿವೆಯ ಬಾಯಿಗೆ ಹಿಮನದಿ ಅಣೆಕಟ್ಟಿನಂತೆ ಅಡ್ಡ ಕೂತಾಗ ಹಿಂದೆ ತುಂಬಿದ ಸರೋವರದ ದಡಗಳು ಎಂದ. ಕೊನೆಗೆ ಡಾರ್ವಿನ್ ತನ್ನ ವಾದ ಬಿಟ್ಟುಕೊಟ್ಟ. ಆ ಸರೋವರ ಹಿಮಹಾಸು ಅಳಿದ ಎಷ್ಟೋ ಕಾಲದ ಮೇಲೆ, ಸುಮಾರು 12,000 ವರ್ಷಗಳ ಹಿಂದೆ ಮತ್ತೆ ಚಳಿ ಮರುಕಳಿಸಿದಾಗಿನದು. 350 ಮೀಟರ್ ಎತ್ತರಕ್ಕೆ ನೀರು ನಿಂತಿತ್ತೆಂದರೆ ತಡೆದ ಹಿಮ ಅದಕ್ಕಿಂತ ಎತ್ತರವಿದ್ದಿರಲೇಬೇಕು. ಇಂಥ ಅಳತೆಗೋಲು ಇಡೀ ದ್ವೀಪಕ್ಕೆ ಸಿಕ್ಕಿದ್ದರೆ ಮಾದರಿಗಾರರ ಅರ್ಧ ಕೆಲಸ ಮುಗಿಯುತ್ತಿತ್ತು. ಸಿಕ್ಕಿಲ್ಲವಾದ್ದರಿಂದ ಅಂಚುಗಳ ನಡುವಿನ ಖಾಲಿ ಜಾಗವನ್ನು ಭೌತಶಾಸ್ತ್ರದಿಂದ ತುಂಬಬೇಕು.

ಆ ಭೌತಶಾಸ್ತ್ರದ ಬುನಾದಿ ಹಾಕಿದವರಲ್ಲೊಬ್ಬ ಜಾನ್ ಗ್ಲೆನ್. 1950ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನಲ್ಲಿ ಆತ ಮಂಜುಗಡ್ಡೆಯ ತುಂಡುಗಳ ಮೇಲೆ ಭಾರ ಹೇರಿ, ಅವು ಎಷ್ಟು ವೇಗವಾಗಿ ಆಕಾರ ಕಳೆದುಕೊಳ್ಳುತ್ತವೆಂದು ಅಳೆದ. ಒತ್ತಡ ಇಮ್ಮಡಿಯಾದರೆ ಹರಿವು ಎಂಟು ಪಟ್ಟು ಏರುತ್ತದೆ ಎಂಬುದು ಸ್ಥೂಲವಾಗಿ ಆತನ ನಿಯಮ. ಈ ಘನ ಸಂಬಂಧವೇ ಹಿಮಹಾಸಿನ ಮೊಂಡುತನಕ್ಕೂ ಹಠಾತ್ ಓಟಕ್ಕೂ ಮೂಲ. ಮಾದರಿ ನೆಲವನ್ನು ಕೆಲವು ಕಿ.ಮೀ. ಅಗಲದ ಚೌಕಗಳಾಗಿ ಹೋಳುಮಾಡಿ, ಪ್ರತಿ ಚೌಕಕ್ಕೂ ಮೂರು ಲೆಕ್ಕ ಇಡುತ್ತದೆ: ಮೇಲಿಂದ ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು, ಪಕ್ಕದ ಚೌಕಗಳಿಗೆ ಎಷ್ಟು ಹರಿದುಹೋಯಿತು. ಕರಗುವಿಕೆಯ ಲೆಕ್ಕ ನೋಡಿದರೆ ಬೆರಗಾಗುವಷ್ಟು ಒರಟು. ಹೆಪ್ಪುಬಿಂದುವಿಗಿಂತ ಒಂದು ಡಿಗ್ರಿ ಮೇಲಿರುವ ಒಂದು ದಿನಕ್ಕೆ ಬಿಳಿಹಿಮವಾದರೆ 3 ಮಿ.ಮೀ., ಗಟ್ಟಿ ಮಂಜುಗಡ್ಡೆಯಾದರೆ 8 ಮಿ.ಮೀ. ನೀರು ಎಂದು ಬಹಳಷ್ಟು ಮಾದರಿಗಳು ಹಿಡಿಯುತ್ತವೆ. ಬಿಳಿಹಿಮ ಬಿಸಿಲನ್ನು ತಿರುಗಿ ಎಸೆಯುತ್ತದೆ, ಕೊಳೆಯಾದ ಹಳೆ ಮಂಜುಗಡ್ಡೆ ಕುಡಿಯುತ್ತದೆ, ವ್ಯತ್ಯಾಸ ಅದರಿಂದ. ಸರಾಸರಿ 5 ಡಿಗ್ರಿಯ ಒಂದು ತಿಂಗಳು ಬಂತೆನ್ನಿ, 150 ಡಿಗ್ರಿ-ದಿನಗಳಾದವು. ಬಿಳಿಹಿಮದಿಂದ 45 ಸೆಂ.ಮೀ., ಬೋಳು ಮಂಜುಗಡ್ಡೆಯಿಂದ 1.2 ಮೀಟರ್ ನೀರು. ಚೌಕದ ಎತ್ತರ ಒಂದು ಕಿ.ಮೀ. ಇಳಿದರೆ ಗಾಳಿ ಆರೇಳು ಡಿಗ್ರಿ ಬೆಚ್ಚಗಾಗುವುದರಿಂದ, ತೆಳುವಾದ ಹಾಸು ಇನ್ನೂ ತೆಳುವಾಗುವ ದಾರಿ ಹಿಡಿಯುತ್ತದೆ. ಈ ಲೆಕ್ಕವನ್ನು ಸಾವಿರಾರು ಚೌಕಗಳಿಗೆ, ಹದಿನಾರು ಸಾವಿರ ವರ್ಷಗಳ ಉದ್ದಕ್ಕೆ, ವರ್ಷಕ್ಕಿಂತ ಚಿಕ್ಕ ಹೆಜ್ಜೆಗಳಲ್ಲಿ ಮಾಡಬೇಕು. ಕಂಪ್ಯೂಟರ್ ಬೇಕಾಗುವುದು ಇಲ್ಲಿ, ಅದರಲ್ಲಿ ಮಾಯಮಂತ್ರವೇನಿಲ್ಲ.

ಇನ್ನೊಂದು ಲೆಕ್ಕವಿದೆ, ಈ ಕಥೆಯಲ್ಲಿ ಅದೇ ಮುಖ್ಯ. ಹಿಮದ ಭಾರಕ್ಕೆ ನೆಲವೇ ಕುಸಿಯುತ್ತದೆ. ಮಂಜುಗಡ್ಡೆಯ ಸಾಂದ್ರತೆ ಭೂಮಿಯೊಳಗಿನ ಮ್ಯಾಂಟಲ್ ಶಿಲೆಯ ಸಾಂದ್ರತೆಯ ಕಾಲುಭಾಗಕ್ಕಿಂತ ತುಸು ಹೆಚ್ಚು. ಹಾಗಾಗಿ ವಿಶಾಲವಾದ ಹಾಸೊಂದು ಸಾಕಷ್ಟು ಕಾಲ ಕೂತರೆ, ಒಂದು ಕಿ.ಮೀ. ದಪ್ಪದ ಹಿಮದಡಿ ನೆಲ ಇನ್ನೂರೈವತ್ತು ಮೀಟರಿಗೂ ಹೆಚ್ಚು ತಗ್ಗುತ್ತದೆ. ತಗ್ಗುವುದಕ್ಕೂ ಭಾರ ಇಳಿದ ಮೇಲೆ ಏಳುವುದಕ್ಕೂ ಸಾವಿರಾರು ವರ್ಷ ಹಿಡಿಯುತ್ತದೆ. ಫಿನ್‌ಲ್ಯಾಂಡ್-ಸ್ವೀಡನ್ ನಡುವಿನ ಬೋತ್ನಿಯಾ ಕೊಲ್ಲಿಯ ದಂಡೆ ಹಿಮ ಕರಗಿ ಹತ್ತು ಸಾವಿರ ವರ್ಷವಾದ ಮೇಲೂ ವರ್ಷಕ್ಕೆ ಸುಮಾರು 9 ಮಿ.ಮೀ. ಏಳುತ್ತಲೇ ಇದೆ. ಟೋಕಿಯೊದ ಅಯಾಕೊ ಅಬೆ-ಔಚಿ ಮತ್ತವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ, ಹಿಮಯುಗಗಳು ಲಕ್ಷ ವರ್ಷಕ್ಕೊಮ್ಮೆ ಮುಗಿಯುವ ಒಗಟಿಗೆ ಕೀಲಿಕೈ ಸಿಕ್ಕಿದ್ದು ಈ ನಿಧಾನದಲ್ಲೇ. ಉತ್ತರ ಅಮೆರಿಕದ ಹಾಸು ಬೆಳೆದು ಬೆಳೆದು ತನ್ನಡಿಯ ನೆಲವನ್ನು ತಗ್ಗಿಸಿಕೊಂಡಿತು. ಭೂಕಕ್ಷೆಯ ಬದಲಾವಣೆಯಿಂದ ಬೇಸಿಗೆಯ ಬಿಸಿಲು ಏರಿದಾಗ ನೆಲ ಮೇಲೇಳುವಷ್ಟರಲ್ಲಿ ಹಾಸಿನ ಮೇಲ್ಮೈ ಬೆಚ್ಚನೆಯ ತಗ್ಗಿನಲ್ಲೇ ಸಿಕ್ಕಿಕೊಂಡಿತ್ತು.

ಬ್ರಿಟನ್ನಿನ ಹಾಸು ಸತ್ತ ಬಗೆಗೂ ಈ ತಗ್ಗುವಿಕೆಗೂ ನೇರ ನಂಟು. ಮಾಮೂಲಿ ಊಹೆ ಏನಿದ್ದೀತು? ಹವೆ ಬಿಸಿಯಾಯಿತು, ಹಿಮ ಕರಗಿತು. ಬ್ರಿಟಿಸ್-ಕ್ರೋನೊ ಕಂಡದ್ದು ಬೇರೆ. ಹಾಸಿನ ಬೇರೆ ಬೇರೆ ಭಾಗಗಳು ತಮ್ಮ ಗರಿಷ್ಠ ಮೇರೆ ಮುಟ್ಟಿ ಹಿಂದೆ ಸರಿಯಲು ಶುರುಮಾಡಿದ್ದು ಒಟ್ಟಿಗಲ್ಲ, 30,000ದಿಂದ 22,000 ವರ್ಷಗಳ ಹಿಂದಿನ ನಡುವೆ, ತೋಚಿದಾಗ ತೋಚಿದಂತೆ. 22,000 ವರ್ಷಗಳ ಹಿಂದೆ ಇಡೀ ಹಾಸು ಇಳಿಜಾರಿಗೆ ಬಿತ್ತು. ಜಗತ್ತಿನ ಹವೆ ಗಣನೀಯವಾಗಿ ಬೆಚ್ಚಗಾಗತೊಡಗಿದ್ದು ಅದಾದ ಎಷ್ಟೋ ಶತಮಾನಗಳ ಮೇಲೆ. ಅಂದರೆ ಹವೆ ಇನ್ನೂ ಚಳಿಯಲ್ಲೇ ಇದ್ದಾಗ ಹಾಸು ಕುಸಿಯಲಾರಂಭಿಸಿತು. ಹಿಮ ಬೆಳೆದು ತನ್ನ ಭಾರಕ್ಕೆ ತಳವನ್ನು ತಗ್ಗಿಸಿತು, ಅದರ ಕಡಲಂಚಿನಲ್ಲಿ ನೀರು ಆಳವಾಯಿತು, ಆಳದ ನೀರಲ್ಲಿ ಅಂಚು ನೆಲ ಬಿಟ್ಟು ತೇಲಿ ಮುರಿಯಿತು. ಹವೆಯ ಬಿಸಿ ಬಂದದ್ದು ಆಮೇಲೆ, ನೆಲದ ಮೇಲೆ ಉಳಿದಿದ್ದ ಚಿಕ್ಕ ಹಾಸನ್ನು ಮುಗಿಸಲು. ಹೊರಗಿನ ಶತ್ರು ಬರುವ ಮೊದಲೇ ಒಳಗಿನ ಲೆಕ್ಕ ತಪ್ಪಿತ್ತು ಎನ್ನಬೇಕು.

ಇದು ನಡೆಯಬಲ್ಲದು ಎಂದು ತೋರಿಸಿಕೊಟ್ಟದ್ದು ಮಾದರಿಯೇ. ಸ್ಕಾಟ್ಲೆಂಡಿನ ವಾಯವ್ಯದಲ್ಲಿ ಮುಖ್ಯಭೂಮಿಗೂ ಲೂಯಿಸ್ ದ್ವೀಪಕ್ಕೂ ನಡುವೆ ಮಿಂಚ್ ಎಂಬ ಜಲಸಂಧಿಯಿದೆ. ಹಿಮಯುಗದಲ್ಲಿ ಅದರ ಮೂಲಕ ಒಂದು ಹಿಮಧಾರೆ ಅಟ್ಲಾಂಟಿಕ್‌ಗೆ ಹರಿಯುತ್ತಿತ್ತು. ಸುತ್ತಲ ಹಿಮಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡುವ ಮಂಜುಗಡ್ಡೆಯ ಪಟ್ಟಿ ಅದು. 2018ರಲ್ಲಿ ನಯಲ್ ಗ್ಯಾಂಡಿ ಮತ್ತು ಸಂಗಡಿಗರು ಬೈಸಿಕಲ್ಸ್ ಎಂಬ ಮಾದರಿಯಲ್ಲಿ ಈ ಧಾರೆಯ ಹಿನ್ಸರಿತವನ್ನು ಓಡಿಸಿ ನೋಡಿದರು. (ಹೆಸರು ಕೇಳಿ ನಗಬೇಡಿ, ಮಾದರಿಗಾರರು ಹೆಸರಿಡುವುದರಲ್ಲಿ ಹಿಂದಿನಿಂದಲೂ ಹೀಗೇ. ಹಿಮದಂಚು ಓಡುವ ಕಡೆ ಚೌಕಗಳನ್ನು ತಾನೇ ಚಿಕ್ಕದಾಗಿಸಿಕೊಂಡು, ನಿದ್ರಿಸುವ ಕಡೆ ದೊಡ್ಡದಾಗಿಸಿಕೊಳ್ಳುವುದು ಅದರ ಜಾಣ್ಮೆ.) ಹವೆಯನ್ನು ಬೇಕೆಂತಲೇ ಸರಳವಾಗಿಟ್ಟು, ಸಮುದ್ರದ ಪಾತ್ರವೇನೆಂದು ಬಿಡಿಸಿ ನೋಡುವುದು ಉದ್ದೇಶ. ಅಂಚು ತೆರೆದ ಕಡಲಿನಿಂದ ಹಿಂದೆ ಸರಿಯುತ್ತಾ ಬಂದು ಜಲಸಂಧಿಯ ಬಾಯಲ್ಲಿ ನಿಧಾನಿಸಿತು. ಇಕ್ಕಟ್ಟಿನ ದಂಡೆಗಳು ಅದಕ್ಕೆ ಆಧಾರ ಕೊಟ್ಟವು, ಮುಂದೆ ತೇಲುತ್ತಿದ್ದ ಹಿಮದ ಚಾಚು ಹಿಂದಿನದಕ್ಕೆ ಒತ್ತುಕೊಟ್ಟು ನಿಲ್ಲಿಸಿತು. ಇನ್ನಷ್ಟು ಹಿಂದೆ ಸರಿದಾಗ ಅದು ಕಾಲಿಟ್ಟದ್ದು ಒಳನಾಡಿನ ಕಡೆಗೆ ಆಳವಾಗುತ್ತ ಹೋಗುವ ತಳದ ಮೇಲೆ. ಅಲ್ಲಿಂದ ಓಟ ಶುರು. ಹವೆಯನ್ನು ಮತ್ತೆ ಮೊದಲಿನ ಚಳಿಗೆ ತಿರುಗಿಸಿದರೂ ಧಾರೆ ಚೇತರಿಸಿಕೊಳ್ಳಲಿಲ್ಲ.

ಇದರ ತರ್ಕವನ್ನು 1974ರಲ್ಲೇ ಯೊಹಾನಸ್ ವೀರ್ಟ್‌ಮನ್ ಹೇಳಿದ್ದ, 2007ರಲ್ಲಿ ಕ್ರಿಶ್ಚಿಯನ್ ಶೂಫ್ ಗಣಿತದಲ್ಲಿ ಬಿಗಿಗೊಳಿಸಿದ. ಹಿಮ ನೆಲ ಬಿಡುವ ಗೆರೆಯಲ್ಲಿ ಅದರ ದಪ್ಪ ಇಮ್ಮಡಿಯಾದರೆ, ಮುಂದೆ ತಡೆ ಇಲ್ಲದಿದ್ದಾಗ, ಹೊರಹರಿವು ಇಪ್ಪತ್ತು ಪಟ್ಟಿಗೂ ಹೆಚ್ಚು ಏರುತ್ತದೆ. ತಳ ಹಿಂದಕ್ಕೆ ಆಳವಾಗುತ್ತಿದ್ದರೆ ಅಂಚು ಹಿಂದೆ ಸರಿದಷ್ಟೂ ದಪ್ಪ ಹಿಮ ಬಯಲಾಗುತ್ತದೆ, ಹೊರಹರಿವು ಹೆಚ್ಚುತ್ತದೆ, ಅಂಚು ಇನ್ನೂ ಸರಿಯುತ್ತದೆ. ಪಶ್ಚಿಮ ಅಂಟಾರ್ಕ್ಟಿಕದ ಥ್ವೇಟ್ಸ್ ಹಿಮನದಿ ಕೂತಿರುವುದು ಇಂಥದೇ ತಳದ ಮೇಲೆ. ಅಲ್ಲಿ ಈ ಓಟ ಶುರುವಾಗಿದೆಯೇ ಎಂದು ವಾದಗಳಿವೆ. ಮಿಂಚ್‌ನಲ್ಲಿ ವಾದವಿಲ್ಲ, ಧಾರೆ ಹೋಗಿಯಾಗಿದೆ; ಎಷ್ಟು ಬೇಗ ಹೋಯಿತೆಂದು ಕಡಲತಳದ ಕೆಸರನ್ನು ಕೇಳಿದರಾಯಿತು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರೂ ಎತ್ತುವಂಥದು: ಮಾದರಿಗೆ ಇಷ್ಟೊಂದು ತಿರುಪುಗಳಿವೆ. ಜಾರುವಿಕೆ ಎಷ್ಟು, ಕರಗುವಿಕೆ ಎಷ್ಟು, ಸಮುದ್ರ ಅಡಿಯಿಂದ ತಿನ್ನುವುದೆಷ್ಟು, ಅಂಚು ಮುರಿಯುವುದು ಯಾವಾಗ? ಇವನ್ನೆಲ್ಲ ಬೇಕಾದಂತೆ ತಿರುಗಿಸಿದರೆ ಬೇಕಾದ ಚಿತ್ರ ಬರುತ್ತದೆ, ಅದರಿಂದ ಸಾಬೀತಾಗುವುದೇನು? ಈ ಆಕ್ಷೇಪದಲ್ಲಿ ಹುರುಳಿದೆ. ಅದರ ಬಲ ತೋರಿಸುವ ಪ್ರಸಂಗವೇ ನಡೆದಿದೆ. 2016ರಲ್ಲಿ ರಾಬರ್ಟ್ ಡಿಕಾಂಟೊ ಮತ್ತು ಡೇವಿಡ್ ಪೊಲಾರ್ಡ್, ಎತ್ತರದ ಹಿಮಗೋಡೆಗಳು ತಮ್ಮ ಭಾರಕ್ಕೇ ಕುಸಿಯುತ್ತವೆ ಎಂಬ ಹೊಸ ಪ್ರಕ್ರಿಯೆಯನ್ನು ಮಾದರಿಗೆ ಸೇರಿಸಿದರು. ಸುಮಾರು 30 ಲಕ್ಷ ವರ್ಷಗಳ ಹಿಂದಿನ ಮತ್ತು 1,25,000 ವರ್ಷಗಳ ಹಿಂದಿನ ಬೆಚ್ಚನೆಯ ಕಾಲದ ಏರಿದ ಸಮುದ್ರಮಟ್ಟಗಳಿಗೆ ಅದನ್ನು ಹೊಂದಿಸಿ, ಅಂಟಾರ್ಕ್ಟಿಕವೊಂದೇ 2100ರ ವೇಳೆಗೆ ಸಮುದ್ರವನ್ನು ಮೀಟರಿಗೂ ಹೆಚ್ಚು ಏರಿಸಬಲ್ಲದು ಎಂದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದು ಸುದ್ದಿಯಾಯಿತು. 2019ರಲ್ಲಿ ಟಾಮ್ಸಿನ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಅದೇ ಫಲಿತಾಂಶಗಳನ್ನು ಮತ್ತೆ ಜಾಲಾಡಿ, ಹಿಮಗೋಡೆಯ ಕುಸಿತವೇ ಇಲ್ಲದೆಯೂ ಆ ಹಳೆಯ ಸಮುದ್ರಮಟ್ಟಗಳನ್ನು ತಲುಪಬಹುದು ಎಂದು ತೋರಿಸಿದರು. ಡಿಕಾಂಟೊ ಬಳಗವೇ 2021ರಲ್ಲಿ ಈ ಶತಮಾನದ ಅಂದಾಜನ್ನು ಇಳಿಸಿತು.

ಆದರೆ ಇದರಿಂದ ಹಳೆಯ ಹಿಮದ ಅಧ್ಯಯನವೇ ವ್ಯರ್ಥ ಎಂದಾಗುವುದಿಲ್ಲ. ಆ ಪರೀಕ್ಷೆ ಸೋತದ್ದು ಪ್ರಶ್ನೆಪತ್ರಿಕೆ ಸಡಿಲವಿದ್ದುದರಿಂದ. ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಸಮುದ್ರ ಎಲ್ಲೋ ಆರರಿಂದ ಒಂಬತ್ತು ಮೀಟರ್ ಮೇಲಿತ್ತು ಎಂಬ ಒಂದೇ ಮೊತ್ತ ಕೊಟ್ಟರೆ ಹತ್ತು ಬಗೆಯ ಮಾದರಿಗಳು ಪಾಸಾಗುತ್ತವೆ. ಯಾವ ಕಣಿವೆಯ ಹಿಮ ಯಾವ ಸಹಸ್ರಮಾನದಲ್ಲಿ ಎಲ್ಲಿ ನಿಂತು ಎಲ್ಲಿ ಓಡಿತು ಎಂದು 690 ಕಾಲನಿರ್ಣಯಗಳನ್ನು ಮುಂದಿಟ್ಟು ಕೇಳಿದರೆ ಹಾಗೆ ಸುಲಭವಾಗಿ ಯಾರೂ ಪಾರಾಗಲಾರರು. ನೂರಾರು ಬಗೆಯ ತಿರುಪುಗಳೊಂದಿಗೆ ಮಾದರಿಯನ್ನು ಓಡಿಸಿ, ನೆಲಕ್ಕೆ ಒಪ್ಪದ ಓಟಗಳನ್ನು ಹೊರಹಾಕುತ್ತ ಹೋಗುವುದು ಈಗಿನ ರೂಢಿ. ಉಳಿದದ್ದು ಸತ್ಯವೆಂದೇನೂ ಅಲ್ಲ. ಹೊರಬಿದ್ದದ್ದು ಸುಳ್ಳು ಎಂಬುದು ಮಾತ್ರ ಖಚಿತ. ನನ್ನ ಮಟ್ಟಿಗೆ ಮಾದರಿಯ ಸೋಲೇ ಹೆಚ್ಚು ಬೆಲೆಯುಳ್ಳದ್ದು. ಹಿಂದಿನ ಸರಳ ಮಾದರಿಗಳು ಹಿಮಹಾಸನ್ನು ನಯವಾದ ಗುಮ್ಮಟವಾಗಿ ಬಿಡಿಸುತ್ತಿದ್ದವು, ಹಿಮಧಾರೆಗಳನ್ನು ಸರಿಯಾದ ಜಾಗದಲ್ಲಿ ಹುಟ್ಟಿಸಲಾರದೆ ಹೋಗುತ್ತಿದ್ದವು. ನೆಲದ ಮೇಲೆ ಹಿಮ ಉಜ್ಜಿದ ಉದ್ದನೆಯ ಗೀರುಗಳು, ಹರಿವಿನ ದಿಕ್ಕಿಗೆ ಎಳೆದಂತಿರುವ ದಿಬ್ಬಗಳು ಧಾರೆಗಳಿದ್ದವೆಂದು ಸಾರುತ್ತಿದ್ದವು. ಆ ಜಗಳದಿಂದಲೇ ತಳದ ನೀರು, ತಿಕ್ಕಾಟದ ಶಾಖ, ಅಕ್ಕಪಕ್ಕದ ಹಿಮದ ಎಳೆತಗಳೆಲ್ಲ ಮಾದರಿಯೊಳಗೆ ಬಂದವು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಸಾಕ್ಷ್ಯಕ್ಕೆ ಹೊಂದುವಂತೆ ಮಾದರಿಯನ್ನು ತಿದ್ದಿ, ಮಾದರಿಯಿಂದ ಸಾಕ್ಷ್ಯದ ಖಾಲಿ ಜಾಗ ತುಂಬಿ, ಕೊನೆಗೆ ಎರಡೂ ಒಪ್ಪುತ್ತವೆ ಎಂದರೆ ಅದು ತನ್ನ ಬಾಲ ತಾನೇ ಕಚ್ಚಿದ ಹಾಗಲ್ಲವೇ? ಆಗಬಹುದಿತ್ತು. ಬ್ರಿಟಿಸ್-ಕ್ರೋನೊದವರು ಅದಕ್ಕೇ ಎರಡು ನಕ್ಷೆಮಾಲೆಗಳನ್ನು ಬೇರೆ ಬೇರೆ ಪ್ರಕಟಿಸಿದರು. ಒಂದು ಪೂರ್ತಿ ನೆಲದ ಸಾಕ್ಷ್ಯದ್ದು, ಇನ್ನೊಂದು ಮಾದರಿಯನ್ನೂ ಬೆರೆಸಿದ್ದು. ನಾಳೆ ಹೊಸ ಮಾದರಿಯನ್ನು ಪರೀಕ್ಷೆಗೊಡ್ಡುವವರು ಮೊದಲನೆಯದನ್ನು ಮಾತ್ರ ಹಿಡಿಯಬೇಕು. ಬೆರಕೆ ನಕ್ಷೆಯನ್ನೇ ಸಾಕ್ಷ್ಯವೆಂದು ಹಿಡಿದರೆ ಮಾದರಿ ಮಾದರಿಗೇ ಪ್ರಮಾಣಪತ್ರ ಕೊಟ್ಟಂತಾಗುತ್ತದೆ. ಬಣ್ಣಬಣ್ಣದ ನಕ್ಷೆ ಕಂಡಾಗ ಈ ತಪ್ಪು ಮಾಡುವುದು ಸುಲಭ. ಹವೆಯ ವಿಷಯದಲ್ಲಿ ಮಾತ್ರ ತೊಡಕು ಪೂರ್ತಿ ಬಗೆಹರಿದಿಲ್ಲ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಐರ್ಲೆಂಡಿನ ಮೇಲೆ ಎಷ್ಟು ಹಿಮ ಬೀಳುತ್ತಿತ್ತು ಎಂದು ಯಾವ ಬಂಡೆಯೂ ಹೇಳದು. ಗ್ರೀನ್‌ಲ್ಯಾಂಡಿನಲ್ಲಿ ಕೊರೆದು ತೆಗೆದ ಹಿಮಕಂಬಗಳು ಹೇಳುವ ಉಷ್ಣತೆಯನ್ನು ಅಲ್ಲಿಗೆ ಹೊಂದಿಸಿಕೊಳ್ಳುವುದು, ಇಲ್ಲವೇ ಹವಾಮಾನ ಮಾದರಿಗಳ ಅಂದಾಜನ್ನು ಎರವಲು ಪಡೆಯುವುದು, ಎರಡೇ ದಾರಿ. ಮಿಂಚ್ ಪ್ರಯೋಗದಂತೆ ಹವೆಯನ್ನು ಸರಳವಾಗಿಟ್ಟು ಒಂದೊಂದೇ ಪ್ರಕ್ರಿಯೆಯನ್ನು ಬಿಡಿಸಿ ನೋಡುವುದು ಆ ಮಟ್ಟಿಗೆ ಹೆಚ್ಚು ಭರವಸೆಯ ಕ್ರಮ.

ಬ್ರಿಟನ್ ಅಂಟಾರ್ಕ್ಟಿಕವಲ್ಲ ಎಂಬುದು ಮೂರನೆಯ ಆಕ್ಷೇಪ. ಒಂದು ಅಗುಳು ಹಿಚುಕಿ ಅನ್ನದ ಹದ ತಿಳಿಯಬಹುದು, ಆದರೆ ಪಕ್ಕದ ಒಲೆಯ ಮೇಲಿನ ಪಾತ್ರೆಯದ್ದಲ್ಲ. ಬ್ರಿಟನ್ನಿನ ಹಾಸು ಸಮಶೀತೋಷ್ಣ ವಲಯದ ತುದಿಯಲ್ಲಿತ್ತು, ಬೇಸಿಗೆಯಲ್ಲಿ ಮೇಲಿನಿಂದಲೂ ಕರಗುತ್ತಿತ್ತು. ಅಂಟಾರ್ಕ್ಟಿಕದ ಬಹುಭಾಗ ಮೇಲಿನಿಂದ ಕರಗುವುದೇ ಇಲ್ಲ, ಅದನ್ನು ತಿನ್ನುವುದು ಅಡಿಯ ಸಮುದ್ರ. ಗಾತ್ರವೂ ಹೋಲಿಕೆಗೆ ಸಿಗದು, 1.8 ಮೀಟರ್ ಎಲ್ಲಿ, ಅಂಟಾರ್ಕ್ಟಿಕದ 58 ಮೀಟರ್ ಎಲ್ಲಿ! ಹಾಗಾಗಿ ಬ್ರಿಟನ್ನಿನ ಹಿನ್ಸರಿತದ ವೇಗವನ್ನು ತೆಗೆದು ಥ್ವೇಟ್ಸ್‌ಗೆ ಅಂಟಿಸುವುದು ಮೂರ್ಖತನವೇ ಸರಿ. ಆದರೆ ಸಾಗಿಸುತ್ತಿರುವುದು ವೇಗವನ್ನಲ್ಲ, ನಿಯಮವನ್ನು. ಮಂಜುಗಡ್ಡೆಯ ಹರಿವಿನ ನಿಯಮ, ತೇಲುವಿಕೆಯ ನಿಯಮ ಎರಡು ಕಡೆಗೂ ಒಂದೇ. ಒಂದು ಮಾದರಿ ಆಳದ ತಳದ ಮೇಲೆ ಹಿಮ ಓಡುವ ಬಗೆಯನ್ನು ಮಿಂಚ್‌ನಲ್ಲೇ ತಪ್ಪಾಗಿ ಹೇಳಿದರೆ ಅದನ್ನು ಥ್ವೇಟ್ಸ್‌ಗೆ ಒಯ್ಯುವ ಪ್ರಶ್ನೆಯೇ ಬರುವುದಿಲ್ಲ. ಜೊತೆಗೆ, ಸತ್ತ ಹಾಸುಗಳು ನಮ್ಮ ಕಲ್ಪನೆಯ ಮೇರೆಯನ್ನೇ ವಿಸ್ತರಿಸಿವೆ. ಕ್ರಿಸ್ಟೀನ್ ಬ್ಯಾಚಲರ್ ಮತ್ತು ಸಂಗಡಿಗರು ನಾರ್ವೆಯ ಕಡಲತಳದಲ್ಲಿ 7,600ಕ್ಕೂ ಹೆಚ್ಚು ಪುಟ್ಟ ಏಣುಗಳನ್ನು ಗುರುತಿಸಿದರು. ತೇಲುವ ಹಿಮದಂಚು ಉಬ್ಬರ-ಇಳಿತಕ್ಕೆ ಏರಿಳಿಯುತ್ತ ಕೆಸರನ್ನು ಒತ್ತಿ ಒತ್ತಿ ಮಾಡಿದ ಗುರುತುಗಳವು. ಏಣುಗಳ ನಡುವಿನ ಅಂತರ ಅಳೆದಾಗ ಅಂಚು ದಿನಕ್ಕೆ 55ರಿಂದ 610 ಮೀಟರ್ ಸರಿದಿತ್ತೆಂದು ಗೊತ್ತಾಯಿತು. ಉಪಗ್ರಹಗಳು 2023ರವರೆಗೆ ಕಂಡಿದ್ದ ಅತಿ ವೇಗದ ಹಿನ್ಸರಿತದ ಇಪ್ಪತ್ತು ಪಟ್ಟು ಅದರ ಗರಿಷ್ಠ. ತಳ ಮಟ್ಟಸವಿದ್ದ ಕಡೆ, ದಿನಗಳಿಂದ ತಿಂಗಳುಗಳ ಮಟ್ಟಿಗೆ ಮಾತ್ರ ಹೀಗಾದದ್ದು ಹೌದು. ಆದರೂ 2023ರ ಆ ಪ್ರಬಂಧಕ್ಕೆ ಮೊದಲು ಇಂಥ ವೇಗವನ್ನು ಯಾವುದಾದರೂ ಮಾದರಿ ತೋರಿಸಿದ್ದರೆ ಅದನ್ನು ದೋಷವೆಂದೇ ತಳ್ಳಿಹಾಕುತ್ತಿದ್ದರೇನೋ.

ಕಡಲಿನ ಸಂಪರ್ಕವಿಲ್ಲದೆಯೂ ಹಿಮ ಹಠಾತ್ತನೆ ಕುಸಿಯಬಲ್ಲದು ಎಂದು ತಿಳಿದದ್ದೂ ಹಳೆಯ ಹಿಮದಿಂದಲೇ. ಸುಮಾರು 14,600 ವರ್ಷಗಳ ಹಿಂದೆ ಸಮುದ್ರಮಟ್ಟ ಕೆಲವೇ ಶತಮಾನಗಳಲ್ಲಿ ಹತ್ತು ಮೀಟರಿಗೂ ಹೆಚ್ಚು ಜಿಗಿಯಿತು ಎಂದು ತಾಹಿತಿಯ ಹವಳಗಳು ಹೇಳುತ್ತವೆ. ಅಷ್ಟು ನೀರು ಎಲ್ಲಿಂದ? 2012ರಲ್ಲಿ ಲಾರೆನ್ ಗ್ರೆಗ್ವಾರ್ ಮತ್ತು ಸಂಗಡಿಗರ ಮಾದರಿ ಒಂದು ಉತ್ತರ ಕೊಟ್ಟಿತು. ಉತ್ತರ ಅಮೆರಿಕದಲ್ಲಿ ಪೂರ್ವದ ಲಾರೆಂಟೈಡ್ ಮತ್ತು ಪಶ್ಚಿಮದ ಪರ್ವತಶ್ರೇಣಿಯ ಹಾಸು ಒಂದಕ್ಕೊಂದು ಕೂಡಿದ್ದ ಕಡೆ ತಗ್ಗಾದ ಬೆನ್ನೊಂದಿತ್ತು. ಅದು ತೆಳುವಾಗಿ ಬೆಚ್ಚನೆಯ ಎತ್ತರಕ್ಕಿಳಿದಾಗ ವಿಶಾಲ ಪ್ರದೇಶವೊಂದು ಒಮ್ಮೆಲೇ ಕರಗುವ ವಲಯಕ್ಕೆ ಬಿತ್ತು. ಸುಮಾರು 500 ವರ್ಷಗಳಲ್ಲಿ ಸಮುದ್ರಕ್ಕೆ 9 ಮೀಟರಿನಷ್ಟು ನೀರು ಸೇರಿತು. ಬ್ರಿಟನ್ನಿನ ಹಾಸಿನ ಪತನದಲ್ಲೂ ಇಂಥ ಬೆನ್ನುಗಳ ಕುಸಿತದ ಪಾಲಿದೆ.

ಕೊನೆಯ ಆಕ್ಷೇಪ ವಿಜ್ಞಾನಿಗಳದ್ದಲ್ಲ, ಚಹಾದಂಗಡಿಯದ್ದು. ಮನುಷ್ಯನ ಕೈವಾಡವಿಲ್ಲದೆಯೇ ಹಿಮ ಬಂದು ಹೋಗಿದೆಯಲ್ಲ, ಈಗೇಕೆ ಇಷ್ಟು ಗಲಾಟೆ? ಬ್ರಿಟನ್ನಿನ ಹಾಸು ಬಿಸಿ ಏರುವ ಮೊದಲೇ ಕುಸಿಯಲಾರಂಭಿಸಿತು ಎಂಬುದು ಈ ವಾದಕ್ಕೆ ಒಳ್ಳೆಯ ಮೇವು. ಆದರೆ ಅದು ಹೇಳುವುದು ಬೇರೆಯದನ್ನೇ. ಹಾಸು ತನ್ನ ಅಂಚನ್ನು ಆಳದ ನೀರಲ್ಲಿಟ್ಟು ಕೂತಿದ್ದಾಗ ಸಣ್ಣ ನೂಕು ಸಾಕಾಗಿತ್ತು ಎಂದು ಅದರ ಅರ್ಥ. ಪಶ್ಚಿಮ ಅಂಟಾರ್ಕ್ಟಿಕ ಈಗ ಕೂತಿರುವುದೂ ಹಾಗೆಯೇ. ನೂಕು ಮಾತ್ರ ಸಣ್ಣದಲ್ಲ. ಎಂಟು ಲಕ್ಷ ವರ್ಷಗಳ ಹಿಮಕಂಬಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ 180ರಿಂದ 300 ಭಾಗಗಳ ನಡುವೆ ಆಡಿದೆ, ಈಗ 420 ದಾಟಿದೆ.

ಹಿಮವನ್ನೇ ಕಾಣದ ಕಾರವಾರ, ಮಂಗಳೂರುಗಳಿಗೂ ಈ ಲೆಕ್ಕ ಬಂದು ಮುಟ್ಟುತ್ತದೆ. ಹಿಮಯುಗದ ತುತ್ತತುದಿಯಲ್ಲಿ ನಮ್ಮ ಕರಾವಳಿ ಈಗಿನ ದಂಡೆಯಿಂದ ಹತ್ತಾರು ಕಿ.ಮೀ. ಪಶ್ಚಿಮಕ್ಕಿತ್ತು, ಈಗ ಮೀನುಗಾರರು ಬಲೆ ಬೀಸುವ ಕಡೆ ಒಣನೆಲವಿತ್ತು. ಹಿಮಹಾಸು ತನ್ನ ರಾಶಿಯಿಂದ ಸುತ್ತಲ ಸಮುದ್ರವನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಅದು ಕರಗಿದಾಗ ಆ ಎಳೆತ ಸಡಿಲಾಗಿ ಹತ್ತಿರದ ಸಮುದ್ರ ಇಳಿಯುತ್ತದೆ, ದೂರದ್ದು ಸರಾಸರಿಗಿಂತ ಹೆಚ್ಚು ಏರುತ್ತದೆ. ಪಶ್ಚಿಮ ಅಂಟಾರ್ಕ್ಟಿಕ ಕುಸಿದರೆ ಹಿಂದೂ ಮಹಾಸಾಗರ ಸರಾಸರಿಗಿಂತ ಹೆಚ್ಚು ಏರುವ ಪಟ್ಟಿಯಲ್ಲಿದೆ. ಇದನ್ನು ಲೆಕ್ಕ ಹಾಕುವ ಸಮೀಕರಣವನ್ನು 1976ರಲ್ಲಿ ವಿಲಿಯಂ ಫ್ಯಾರೆಲ್ ಮತ್ತು ಜೇಮ್ಸ್ ಕ್ಲಾರ್ಕ್ ಬರೆದದ್ದು ಹಿಮಯುಗದ ನಂತರದ ಕಡಲಮಟ್ಟಗಳನ್ನು ವಿವರಿಸಲು. ಇಂದಿಗೂ ಅದೇ ಬಳಕೆಯಲ್ಲಿದೆ. ಅದರೊಳಗೆ ಹಾಕಬೇಕಾದ ಸಂಖ್ಯೆಯೇ ತಕರಾರಿನದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ ಅನಿಲ ಉಗುಳುವಿಕೆ ಅತಿ ಹೆಚ್ಚಿದ್ದರೂ 2100ಕ್ಕೆ ಸಮುದ್ರ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು ಏರುವ ಸಂಭವವಿದೆ ಎಂದಿತು. ಎರಡು ಮೀಟರಿಗೆ ಹತ್ತಿರ ಹೋಗುವುದನ್ನು ತಳ್ಳಿಹಾಕಲಾಗದು ಎಂದೂ ಜೊತೆಗೇ ಬರೆಯಿತು. ಆ ಎರಡನೆಯ ಮೀಟರ್ ಬಹುಮಟ್ಟಿಗೆ ಹಿಮದಂಚಿನ ಓಟಕ್ಕೆ ಸಂಬಂಧಿಸಿದ್ದು. ಬಂದರಿನ ಧಕ್ಕೆ ಎಷ್ಟು ಎತ್ತರವಿರಬೇಕು, ನದೀಮುಖದ ತಡೆಗೋಡೆ ಎಲ್ಲಿ ಕಟ್ಟಬೇಕು ಎಂದು ಕೇಳುವ ಎಂಜಿನಿಯರಿಗೆ ಸದ್ಯ ಸಿಗುವ ಉತ್ತರದಲ್ಲಿ ಅಷ್ಟು ಅಂತರವಿದೆ. ಅದನ್ನು ಕಿರಿದಾಗಿಸಬಲ್ಲ ಅಳತೆಗಳಲ್ಲಿ ಒಂದಷ್ಟು ಈಗ ಉತ್ತರ ಸಮುದ್ರದ ಕೆಸರಿನಲ್ಲೂ ಸ್ಕಾಟ್ಲೆಂಡಿನ ಬಂಡೆಗಳ ನೆತ್ತಿಯಲ್ಲೂ ಇವೆ.